ಗಾಜಿನ ಮೇಲೆ ಮುಚ್ಚಿದ ಬಟ್ಟಲು

ಚಾಚಾರ ಮುಂಗೈ ಮೇಲೆ ಒಂದೂ ಕೂದಲಿರಲಿಲ್ಲ. ಕಾಗದದ ಮಿಲ್ಲಿನಲ್ಲಿ ಹಸಿ ಹಾಳೆ ಒಣಗಿಸುವ ಬಿಸಿ ರೋಲರುಗಳ ಮುಂದೆ ಸರ್ವಿಸ್ ಪೂರ್ತಿ ನಿಂತವರು. ಯಾವ ಕಾಗದ ಕೈಗೆ ಬಂದರೂ, ಲಗ್ನಪತ್ರಿಕೆಯಾದರೂ ಸರಿ, ಮೊದಲು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಟಪ್ ಅನ್ನಿಸುತ್ತಿದ್ದರು. ನೋಡುವುದು ಆಮೇಲೆ. ಬಂಗೂರನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಜೊತೆಗೆ, ಬಿಸಿಲಿನಿಂದ ಕರೆಂಟು ಮಾಡುವ ಪಾಲಿಮರ್ ರೂಪಿಸುವ ಸಂಶೋಧನೆ. ಪಾಲಿಮರ್ ಅಂದರೆ ಪ್ಲಾಸ್ಟಿಕ್ಕಿನ ಜಾತಿಯದೇ. ಅದರ ದ್ರಾವಣವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು. ಒಣಗುವಾಗ ಅಣುಗಳ ಉದ್ದುದ್ದ ಸರಪಳಿಗಳು ಒಂದರ ಪಕ್ಕ ಒಂದು ನೆಟ್ಟಗೆ ಮಲಗಿದರೆ ಕರೆಂಟು ಸಲೀಸಾಗಿ ಹರಿಯುತ್ತದೆ. ನನ್ನವು ಮಲಗುತ್ತಿರಲಿಲ್ಲ. ಎರಡು ವರ್ಷ ಅಣುವನ್ನೇ ದೂರುತ್ತ, ಸರಪಳಿಯ ಪಕ್ಕದ ಕೊಂಬೆಗಳನ್ನು ಗಿಡ್ಡ ಮಾಡಿ, ಉದ್ದ ಮಾಡಿ ದಣಿದಿದ್ದೆ. ಬೆಳಿಗ್ಗೆ ಹಿತ್ತಲಲ್ಲಿ ಹಿಂದಿನ ದಿನದ ಗಾಜನ್ನು ಬಿಸಿಲಿಗೆ ಹಿಡಿದು ನೋಡುವಾಗ ಚಾಚಾ ಗೋಡೆಯಾಚೆಯಿಂದ ಕೈ ಚಾಚುವರು: "ಇವತ್ತಿನ ಗಾಜು ತೋರಸ್ರಿ ಮೇಡಂ."

ಒಂದು ದಿನ ಬಹಳ ಹೊತ್ತು ತಿರುವಿ ತಿರುವಿ ನೋಡಿದರು.

"ಎಷ್ಟ ಅವಸರದಾಗ ಒಣಗಿಸೀರಿ ಇದನ್ನ? ಬಸ್ ಹೊಂಟಿತ್ತೇನು?"

"ಬಿಸಿ ಪ್ಲೇಟಿನ ಮ್ಯಾಲೆ ಒಣಗಸ್ತೀವ್ರಿ ಚಾಚಾ. ಎಲ್ಲಾರೂ ಹಂಗಽ ಮಾಡ್ತಾರ."

"ಕಾಗದದ ಹಾಳಿಗೂ ಗಡಿಬಿಡಿ ಮಾಡಿದ್ರ ನಾರು ಎಲ್ಲಿದ್ದವು ಅಲ್ಲೇ ಸೆಟೆದು ಬಿಡ್ತಾವು. ಮ್ಯಾಲೊಂದು ಬಟ್ಟಲಾ ಬೋರಲ ಹಾಕ್ರಿ. ತಾನಽ ಆರ್ಲಿ."

ಹಾಕಿದೆ. ಕಿತ್ತಳೆ ಬಣ್ಣಕ್ಕೆ ಒಣಗುತ್ತಿದ್ದ ಪದರ ಈ ಸಲ ಗಾಢ ನೇರಳೆಯಾಯಿತು; ಸರಪಳಿಗಳು ನೆಟ್ಟಗೆ ಮಲಗಿದ್ದವು. ಕರೆಂಟೂ ಹರಿಯಿತು.

ಪ್ರಬಂಧ ಬರೆದೆ. ಕೊನೆಯಲ್ಲಿ ಮಷೀನು ಕೊಟ್ಟವರಿಗೆ, ಅಳತೆ ಮಾಡಿಕೊಟ್ಟವರಿಗೆ ಕೃತಜ್ಞತೆ. ಬಟ್ಟಲಿನ ಬಗ್ಗೆ ಮಾತ್ರ, "ಹಲವು ಪ್ರಯೋಗಗಳ ನಂತರ ಕಂಡುಕೊಂಡೆವು." ಪಕ್ಕದ ಮನೆಯ ಚಾಚಾ ಹೇಳಿದರು ಅಂತ ಬರೆದರೆ ಓದಿದವರು ನಕ್ಕಾರು ಅನ್ನಿಸಿತ್ತು.

ಅಚ್ಚಾದ ಪ್ರತಿ ಕೊಟ್ಟಾಗ ಮೊದಲು ಟಪ್ ಅನ್ನಿಸಿದರು. "ಕಾಗದ ಚಲೋ ಐತಿ. ನಾ ಹೇಳಿದ್ದು ಎಲ್ಲಿ ಬರದೀರಿ?"

ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಕೃತಜ್ಞತೆಯ ಸಾಲಿನ ಮೇಲೆ ಬೆರಳಿಟ್ಟೆ. "ಇಲ್ಲೇ ಐತ್ರಿ ಚಾಚಾ."

ಕಿಸೆಯಿಂದ ಪೆನ್ಸಿಲ್ ತೆಗೆದು ಅದರ ಕೆಳಗೆ ಗೆರೆ ಎಳೆದರು, ಸ್ಕೇಲಿಟ್ಟಷ್ಟು ನೆಟ್ಟಗೆ.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಲವತ್ತನೆಯ ದಿನದ ಊಟಕ್ಕೆ ಹೋದಾಗ, ಪಿಯುಸಿ ಓದುವ ಮೊಮ್ಮಗಳು ಅದೇ ಪ್ರತಿಯನ್ನು ತಂದು ನನ್ನ ಕೈಗಿಟ್ಟಳು. ಇನ್ನು ತಡೆಯಲಾಗಲಿಲ್ಲ.

"ನಿಮ್ಮ ದಾದಾ ಹೇಳಿದ್ದನ್ನ ನಾ ಇದರಾಗ ಬರದಿಲ್ಲವ್ವಾ," ಅಂದೆ.

"ಗೊತ್ತೈತ್ರಿ ಆಂಟಿ. ನೀವು ಕೊಟ್ಟ ದಿನಾನಽ ನನ್ನ ಕಡೆ ಓದಿಸಿದ್ರು. 'ಮೇಡಮ್ಮಗ ಕೇಳಬ್ಯಾಡ, ನಾಚತಾರ' ಅಂದ್ರು."

ನಾನು ಆ ಪ್ರತಿ ಕೊಟ್ಟು ಮೂರು ವರ್ಷವಾಗಿತ್ತು. ಎಲ್ಲ ಗೊತ್ತಿದ್ದೂ ಚಾಚಾ, ನಾನು ಕೊಟ್ಟ ಮಾರನೇ ಬೆಳಿಗ್ಗೆಯೇ ಗೋಡೆಯಾಚೆಯಿಂದ ಕೈ ಚಾಚಿ, "ಇವತ್ತಿನ ಗಾಜು ತೋರಸ್ರಿ" ಅಂದಿದ್ದರು. ಅದರ ಮಾರನೇ ದಿನವೂ. ನಾನು ಕೊಡುತ್ತಲೇ ಇದ್ದೆ.