ಲೋಲಾಕ್ಷಿ ಟೀಚರ ಹೂಜಿ ಪಾಠ

ನಾರಾವಿಯಲ್ಲಿ ಹೆಂಗಸೊಬ್ಬಳು ಬಸ್ಸಿನಿಂದ ಇಳಿದರೆ ಸಾಕು, ಕೇಳುವ ಪ್ರಶ್ನೆ ಒಂದೇ: "ಒಬ್ಬರೇಯಾ?" ಕೇಳುವವರಿಗೆ ಕಣ್ಣಿಲ್ಲವೆಂದಲ್ಲ. ಅವಳ ಹಿಂದೆ ಯಾರೂ ಇಳಿಯಲಿಲ್ಲ, ಇನ್ನು ಇಳಿಯುವುದೂ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳಬೇಕು, ಕೇಳದಿದ್ದರೆ ತಿಂದ ಅನ್ನ ಕರಗುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಲೋಲಾಕ್ಷಿ ಟೀಚರು ಈ ಪ್ರಶ್ನೆಯನ್ನು ದಿನಸಿ ಅಂಗಡಿಯಲ್ಲಿ, ಮದುವೆ ಚಪ್ಪರದಲ್ಲಿ, ಧರ್ಮಸ್ಥಳದ ಊಟದ ಪಂಕ್ತಿಯಲ್ಲಿ, ಒಮ್ಮೆ ನಾಡಿ ಹಿಡಿದಿದ್ದ ಡಾಕ್ಟರ ಬಾಯಿಂದಲೂ ಕೇಳಿಸಿಕೊಂಡಿದ್ದರು. "ಹೌದು, ಒಬ್ಬಳೇ" ಎಂದು ನಕ್ಕು ಹೇಳುವುದು ಅವರಿಗೆ ರೂಢಿಯಾಗಿತ್ತು. ನಗು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು.

ಅವರ ಹುಟ್ಟೂರು ಚಾರ್ಮಾಡಿ. ಬಿ.ಎಡ್. ಮುಗಿಸಿ ಕೆಲಸ ಸಿಕ್ಕಿದ ಹೊಸತರಲ್ಲೇ ಅಪ್ಪ ಕುಶಾಲಪ್ಪ ಗೌಡರು ತೀರಿಕೊಂಡರು. ತಂಗಿಯರ ಮದುವೆ, ತಮ್ಮನ ಓದು ಎಲ್ಲ ಇವರ ಹೆಗಲಿಗೆ ಬಿತ್ತು. ಆ ವರ್ಷಗಳಲ್ಲಿ ಇವರನ್ನು ನೋಡಲು ಬಂದ ಗಂಡುಗಳು ಅವಲಕ್ಕಿ ತಿಂದು, ಕಾಫಿ ಕುಡಿದು, "ಆಮೇಲೆ ನೋಡುವ" ಎಂಬ ಇವರ ಮನೆಯವರ ಮಾತು ಕೇಳಿ ಎದ್ದು ಹೋದರು. ಆ 'ಆಮೇಲೆ' ಬರಲೇ ಇಲ್ಲ. ಈಗ ಚಾರ್ಮಾಡಿಯ ಮನೆಯಲ್ಲಿ ತಮ್ಮ ಧರ್ಣಪ್ಪ, ಅವನ ಹೆಂಡತಿ ಪೂವಮ್ಮ. ಪೂವಮ್ಮ ಬಹಳ ಒಳ್ಳೆಯವಳು, ತೊಂದರೆ ಇದ್ದದ್ದೇ ಅಲ್ಲಿ. ಅತ್ತಿಗೆ ಬಂದರೆಂದರೆ ಹೊಸ ಚಾಪೆ, ಸ್ಟೀಲಿನ ತಟ್ಟೆ, ಕೋಳಿ ಸಾರು. ಅಡಿಗೆಕೋಣೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ತಾನು ಹುಟ್ಟಿದ ಮನೆಯಲ್ಲಿ ನೆಂಟಳಾಗಿ ಕೂತು ಎರಡು ದಿನ ಉಂಡು, ಟೀಚರು ನಾರಾವಿಗೆ ವಾಪಸಾಗುತ್ತಿದ್ದರು.

ನಾರಾವಿಯಲ್ಲಿ ಅವರಿಗೆ ಇದ್ದದ್ದು ಪದ್ಮಯ್ಯನವರ ಮನೆಯ ಹೊರಗಿನ ಕೋಣೆ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಶಾಲೆಯಿಂದ ಬಂದು ಸ್ನಾನ ಮಾಡಿ ಇವರು ಸೀಮೆಎಣ್ಣೆ ಸ್ಟವ್ ಹಚ್ಚುವಷ್ಟರಲ್ಲಿ ಆ ಮನೆಯ ಪಾತ್ರೆಗಳು ತೊಳೆದು ಕವುಚಿ ಆಗಿರುತ್ತಿದ್ದವು. ಪದ್ಮಯ್ಯನವರ ಹೆಂಡತಿ ಪ್ರೇಮಾವತಿಯಮ್ಮ ಅಂಗಳದಿಂದಲೇ ಕೇಳುವರು: "ಟೀಚರೇ, ಒಬ್ಬರಿಗೇ ಅಂತ ಎಂತ ಅಡಿಗೆ ಮಾಡುವುದು? ನನಗಾದರೆ ಉದಾಸೀನ ಆಗ್ತಿತ್ತು." ಕನಿಕರದ ಮಾತೇ ಅದು. ಕನಿಕರದಿಂದ ಹೊಟ್ಟೆ ತುಂಬುವುದಾದರೆ ಟೀಚರು ಅಕ್ಕಿ ಕೊಳ್ಳಬೇಕಾಗಿರಲಿಲ್ಲ.

ಎಂಬತ್ತಮೂರರ ಬೇಸಗೆಯಲ್ಲಿ, ಮಸ್ಕತ್ತಿನ ಒಂದು ಇಂಟರ್‌ನ್ಯಾಷನಲ್ ಶಾಲೆಗೆ ಟೀಚರುಗಳು ಬೇಕೆಂಬ ಜಾಹೀರಾತು ಪತ್ರಿಕೆಯಲ್ಲಿ ಬಂತು. ಯಾರಿಗೂ ಹೇಳದೆ ಅರ್ಜಿ ಹಾಕಿದರು. ಮಂಗಳೂರಿನಲ್ಲಿ ಮೊದಲನೇ ಇಂಟರ್‌ವ್ಯೂ ಆಯಿತು. ಅಲ್ಲಿದ್ದ ಏಜೆಂಟ್ ಸಂಬಳದ ವಿಷಯ ಏನೇನೋ ಹೇಳಿದ, ಅದು ಇವರ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ ಮಾತು. "ಲೇಡೀಸ್ ಕ್ವಾರ್ಟರ್ಸ್ ಉಂಟು ಮೇಡಂ. ಅಲ್ಲಿ ಎಲ್ಲರೂ ಒಬ್ಬೊಬ್ಬರೇ ಇರುವುದು."

ಎಲ್ಲರೂ ಒಬ್ಬೊಬ್ಬರೇ! ಗಲ್ಫಿಗೆ ಹೋಗುವವರು ಚಿನ್ನದ ಕನಸು ಕಾಣುತ್ತಾರಂತೆ. ಲೋಲಾಕ್ಷಿ ಟೀಚರು ವಾಪಸು ಬರುವ ಬಸ್ಸಿನಲ್ಲಿ ಕಂಡದ್ದು, ಯಾರೂ ಯಾರನ್ನೂ "ಒಬ್ಬರೇಯಾ" ಎಂದು ಕೇಳದ ಒಂದು ಊರನ್ನು.

ಎರಡನೇ ಇಂಟರ್‌ವ್ಯೂಗೆ ಕರೆ ಬಂತು. ಪ್ರಿನ್ಸಿಪಾಲರೇ ಮಂಗಳೂರಿಗೆ ಬರುತ್ತಾರೆ, ಅವರೆದುರು ಒಂದು ಪಾಠ ಮಾಡಿ ತೋರಿಸಬೇಕು, ಅದೂ ಇಂಗ್ಲಿಷಿನಲ್ಲಿ. ಟೀಚರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಡೀ ಜೀವಮಾನದಲ್ಲಿ ಒಬ್ಬ ಮನುಷ್ಯನ ಮುಖ ನೋಡಿಕೊಂಡು ಹತ್ತು ವಾಕ್ಯ ಇಂಗ್ಲಿಷ್ ಆಡಿದವರಲ್ಲ. ಈಗ ಆಡಿ ನೋಡೋಣವೆಂದರೆ ಯಾರೊಡನೆ?

ಮಸ್ಕತ್ತಿನಲ್ಲಿ ಇದ್ದು ಬಂದು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಿಝಾಮುದ್ದೀನ್‌ನ ನೆನಪಾಯಿತು. ರವಕೆಯ ಕಣ ಕೊಳ್ಳುವ ನೆವದಲ್ಲಿ ಹೋಗಿ ಮೆಲ್ಲಗೆ ಕೇಳಿದರು. ಅವನು ಬಟ್ಟೆ ಮಡಚುತ್ತ ನಕ್ಕ.

"ನಾನು ಇಂಗ್ಲಿಷ್ ಮಾತಾಡಿದ್ದು ಎಲ್ಲಿ ಟೀಚರೇ? ಹಿಂದಿ ಒಂದಿಷ್ಟು, ಅರಬಿ ಒಂದಿಷ್ಟು, ಬಾಕಿ ಕೈಸನ್ನೆ. ಭಾಷೆ ಹೇಗಾದರೂ ಆಗ್ತದೆ. ಶುಕ್ರವಾರ ಮಧ್ಯಾಹ್ನ ಉಂಟಲ್ಲ, ರಜೆ, ಅದು ಒಂದು ಕಳೆಯುವುದು ಕಷ್ಟ."

"ನನಗೆ ಇಲ್ಲಿ ಆದಿತ್ಯವಾರ ಕಳೆದು ಅಭ್ಯಾಸ ಉಂಟು" ಎಂದರು ಟೀಚರು.

ಅವನು ಕಣವನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಇನ್ನು ಉಳಿದದ್ದು ಖಾಲಿ ಕ್ಲಾಸುಕೋಣೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಒಂಬತ್ತನೇ ಕ್ಲಾಸಿನ ಬಾಗಿಲು ಎಳೆದುಕೊಂಡು, ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ ಇಟ್ಟು, ಬೆಂಚುಗಳಿಗೆ ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದರು. ಹೂಜಿಯ ನೀರು ಯಾಕೆ ತಂಪು? ಮಣ್ಣಿನ ಸಣ್ಣ ಸಣ್ಣ ತೂತುಗಳಿಂದ ನೀರು ಹೊರಗೆ ಜಿನುಗುತ್ತದೆ, ಗಾಳಿಗೆ ಆರಿ ಆವಿಯಾಗುತ್ತದೆ, ಹೋಗುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಇಷ್ಟೇ ಪಾಠ. ಕನ್ನಡದಲ್ಲಾದರೆ ಅವರು ಇದನ್ನು ನಿದ್ದೆಗಣ್ಣಿನಲ್ಲೂ ಮಾಡುವರು. ಇಂಗ್ಲಿಷಿನಲ್ಲಿ ಬೆಂಚುಗಳ ಎದುರೇ ನಾಲಗೆ ಒಣಗುತ್ತಿತ್ತು.

ಗಡಿಗೆಯ ಬಾಯಿಗಾದರೆ ಮುಚ್ಚಳ ಉಂಟು, ಊರ ಬಾಯಿಗೆ ಎಲ್ಲಿಂದ ತರುವುದು? ಟೀಚರು ಬಾಗಿಲು ಹಾಕಿಕೊಂಡು ಒಬ್ಬರೇ ಮಾತಾಡುತ್ತಾರೆ ಎಂಬ ಸುದ್ದಿ ವಾರ ಕಳೆಯುವುದರೊಳಗೆ ಪೇಟೆ ಸುತ್ತಿತು. ಮದುವೆಯಾಗದ ಹೆಂಗಸು, ಮುಚ್ಚಿದ ಕೋಣೆ, ಅರ್ಥವಾಗದ ಭಾಷೆ. ಯಾವುದೋ ಕುಲೆಯ ಉಪದ್ರವೇ ಇರಬೇಕು ಎಂದು ಜನ ತೀರ್ಮಾನಿಸಿದರು. ಸತ್ತವರು ಕುಲೆಯಾಗಿ ಬದುಕಿದವರ ಜೊತೆ ಮಾತಾಡಲು ಬರುವುದು ಆ ಸೀಮೆಗೆ ಹೊಸತಲ್ಲ. ಪ್ರೇಮಾವತಿಯಮ್ಮ ಒಂದು ಮಂತ್ರಿಸಿದ ನೂಲು ತಂದು, "ಕೈಗೆ ಕಟ್ಟಿಕೊಳ್ಳಿ ಟೀಚರೇ, ನನಗೋಸ್ಕರ" ಎಂದರು. ನಿಜ ಹೇಳಿದರೆ ಇಂಟರ್‌ವ್ಯೂ ವಿಷಯ ಬಯಲಾಗುತ್ತದೆ, ಹೇಳದಿದ್ದರೆ ಕುಲೆ ಬಂದಂತಾಗುತ್ತದೆ. ವಿಜ್ಞಾನದ ಟೀಚರು ಕೈ ಚಾಚಿ ನೂಲು ಕಟ್ಟಿಸಿಕೊಂಡರು. ಯಾರಾದರೂ ತನ್ನ ಕೈ ಹಿಡಿದು ಎಷ್ಟು ಕಾಲವಾಯಿತು ಎಂಬ ಯೋಚನೆ ಆಗ ಅವರಿಗೆ ಬಂತು.

ಮರುದಿನ ಸಂಜೆ ಕ್ಲಾಸಿನ ಬಾಗಿಲು ತೆರೆದುಕೊಂಡಿತು. ಶಾಲೆಯ ಪ್ಯೂನ್ ಚನಿಯಪ್ಪ. ಗಂಟೆ ಹೊಡೆದು, ನೀರು ಹೊತ್ತು, ಬೀಗ ಹಾಕಿ ಮುದುಕನಾದ ಮನುಷ್ಯ. ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತೇಬಿಟ್ಟ.

"ಎಂತ ಚನಿಯಪ್ಪ?"

"ಏನಿಲ್ಲ. ನೀವು ಹೇಳಿ ಟೀಚರೇ" ಎಂದ ತುಳುವಿನಲ್ಲಿ. "ಯಾರೂ ಕೇಳುವವರಿಲ್ಲದೆ ಹೇಳಬಾರದು. ನಾನು ಕೂತುಕೊಳ್ತೇನೆ."

"ಇದು ಇಂಗ್ಲಿಷ್ ಮಾರಾಯ. ನಿನಗೆ ಎಂತ ಗೊತ್ತಾಗ್ತದೆ?"

"ಗೊತ್ತಾಗ್ಲಿಕ್ಕೆ ಅಲ್ಲ. ಹೂಂ ಹೇಳ್ಲಿಕ್ಕೆ."

ಕತೆ ಹೇಳುವವರ ಎದುರು ಹೂಂಗುಟ್ಟುವವನೊಬ್ಬ ಬೇಕು. ಅಜ್ಜಿ ಕತೆ ಹೇಳುವಾಗ ಮಕ್ಕಳಲ್ಲಿ ಒಂದಾದರೂ "ಹೂಂ" ಎನ್ನಬೇಕು. ಹೂಂ ನಿಂತಿತೆಂದರೆ ನಿದ್ದೆ ಬಂತೆಂದು ಅರ್ಥ, ಅಜ್ಜಿಯೂ ಕತೆ ನಿಲ್ಲಿಸಿ ದೀಪ ಸಣ್ಣ ಮಾಡುತ್ತಾಳೆ. ಚನಿಯಪ್ಪನಿಗೆ ಹೂಜಿಯ ಪಾಠವೂ ಅಂಥದೇ ಒಂದು ಕತೆ. ಟೀಚರು ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡಲ್ಲೆಲ್ಲ ಹಿಂದಿನ ಬೆಂಚಿನಿಂದ ದಪ್ಪ ಸ್ವರದಲ್ಲಿ "ಹೂಂ" ಎಂದ. ಮೊದಲ ದಿನ ಟೀಚರಿಗೆ ನಗು ತಡೆಯಲಾಗಲಿಲ್ಲ. ಎರಡನೇ ದಿನ ನಾಲಗೆ ಸಡಿಲಾಯಿತು. ಆಮೇಲೆ ಪಾಠ ಹಳ್ಳದ ನೀರಿನಂತೆ ಹರಿಯತೊಡಗಿತು. ಸಂಜೆಯಾಗುವುದನ್ನು ಅವರು ಕಾಯತೊಡಗಿದರು. ಪಾಠಕ್ಕಾಗಿಯೋ ಆ ಹೂಂಗಾಗಿಯೋ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ವಿಷಯ ಏನೆಂದು ಅವನಿಗೊಬ್ಬನಿಗೆ ಹೇಳಿದರು. ಅವನು ತಲೆ ತುರಿಸಿಕೊಂಡ.

"ಹೊರಗೆ ಜಗಲಿಯಲ್ಲಿ ನಿಂತು ಹೂಂ ಹೇಳ್ಲಿಕ್ಕೆ ಬರಬೇಕಾ, ಮಂಗಳೂರಿಗೆ?"

"ಬೇಡ ಚನಿಯಪ್ಪ. ನಾನೇ ಮನಸ್ಸಿನಲ್ಲಿ ಹೇಳಿಕೊಳ್ತೇನೆ."

"ಅದು ಆಗುವುದಿಲ್ಲ ಟೀಚರೇ. ತನ್ನ ಕತೆಗೆ ತಾನೇ ಹೂಂ ಹೇಳಬಾರದು ಅಂತ ನಮ್ಮ ಅಜ್ಜಿ ಹೇಳ್ತಿದ್ದಳು."

ಹೂಜಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಮೂಡಬಿದಿರೆಯಲ್ಲಿ ಬಸ್ಸು ಬದಲಿಸಿ ಟೀಚರು ಮಂಗಳೂರು ಸೇರಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೂಜಿಯನ್ನೂ ಇವರನ್ನೂ ನೋಡಿ, "ಒಬ್ಬರೇಯಾ?" ಎಂದಳು. ಇನ್ನು ಕೆಲವೇ ದಿನ ಎಂದುಕೊಂಡು ಟೀಚರು ಹೌದೆಂದರು.

ಹೋಟೆಲಿನ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಪ್ರಿನ್ಸಿಪಾಲ್, ಬಿಳಿ ಕೂದಲಿನ ಇಂಗ್ಲಿಷ್ ಹೆಂಗಸು. ನಾವೇ ನಿಮ್ಮ ಮಕ್ಕಳೆಂದು ತಿಳಿಯಿರಿ ಎಂದರು. ಟೀಚರು ಹೂಜಿಯನ್ನು ಮೇಜಿನ ಮೇಲಿಟ್ಟು, ಮುಟ್ಟಿ ನೋಡಿ ಎಂದು ಶುರುಮಾಡಿದರು. ಮೊದಲ ವಾಕ್ಯ ಚೆನ್ನಾಗಿಯೇ ಬಂತು. ವಾಕ್ಯ ಮುಗಿಸಿ ನಿಂತರು.

ನಿಂತೇ ಇದ್ದರು.

ಮೂರು ಮುಖಗಳು ಅವರನ್ನೇ ನೋಡುತ್ತಿದ್ದವು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ತಾನು ಯಾಕೆ ನಿಂತಿದ್ದೇನೆಂದು ಟೀಚರಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಿಂದಿನ ಬೆಂಚಿನ ಹೂಂಗಾಗಿ ಕಾಯುತ್ತಿದ್ದರು. ಬೇಗ ಬೇಗನೆ ಎರಡನೆಯ ವಾಕ್ಯ ಹೇಳಿದರು, ಮತ್ತೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತರು. ಪಾಠದುದ್ದಕ್ಕೂ ಹಾಗೆಯೇ. ಹೇಳುವುದು, ನಿಲ್ಲುವುದು, ಯಾರೂ ಹೂಂ ಎನ್ನದ ಆ ಕೋಣೆಯಲ್ಲಿ ಮುಖದಿಂದ ಮುಖಕ್ಕೆ ನೋಡುವುದು. ನಾರಾವಿಯ ಖಾಲಿ ಬೆಂಚುಗಳ ಎದುರೂ ಅವರಿಗೆ ಇಷ್ಟು ಒಬ್ಬಳೇ ಆದೆನೆಂದು ಅನಿಸಿರಲಿಲ್ಲ. ಕೆಲಸ ಕೈತಪ್ಪಿತು ಎಂದೇ ಲೆಕ್ಕ ಹಾಕಿ ಹೂಜಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದರು.

ಆದರೆ ಕೆಲಸ ಸಿಕ್ಕಿತು. ಪ್ರಿನ್ಸಿಪಾಲರಿಗೆ ಮೆಚ್ಚುಗೆಯಾದದ್ದೇ ಆ ನಿಲ್ಲುವಿಕೆಯಂತೆ. ಟೀಚರುಗಳೆಲ್ಲ ಓಡುತ್ತಾರೆ, ಮಕ್ಕಳ ಮುಖ ನೋಡಿ ಕಾಯುವವರು ಇವರೊಬ್ಬರೇ ಎಂದು ಹೇಳಿದರಂತೆ. ಇದನ್ನು ಏಜೆಂಟ್ ಹೇಳಿದಾಗ ಲೋಲಾಕ್ಷಿ ಟೀಚರಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ಹೊರಟ ದಿನ ನಾರಾವಿಗೆ ನಾರಾವಿಯೇ ಬಸ್ ಸ್ಟ್ಯಾಂಡಿನಲ್ಲಿ ಸೇರಿತ್ತು. ಕುಲೆಯಲ್ಲ, ಮಸ್ಕತ್ ಎಂದು ತಿಳಿದು ಎಲ್ಲರಿಗೂ ಸ್ವಲ್ಪ ನಿರಾಸೆಯೇ ಆಗಿತ್ತು. "ಅಷ್ಟು ದೂರ ಒಬ್ಬರೇಯಾ?" ಎಂದು ಪ್ರೇಮಾವತಿಯಮ್ಮ ಕಣ್ಣೊರೆಸಿಕೊಂಡರು. ಟೀಚರು ಈ ಸಲ ಬಾಯಿತುಂಬ ನಕ್ಕರು. ಚನಿಯಪ್ಪ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಇಳಿದು ಬಂದು, ಕಿಟಕಿಯ ಕೆಳಗೆ ನಿಂತ. ಅವನು ಮಾತ್ರ ಏನನ್ನೂ ಕೇಳಲಿಲ್ಲ.

"ಬರ್ತೇನೆ ಚನಿಯಪ್ಪ" ಎಂದರು ಟೀಚರು.

"ಹೂಂ" ಎಂದ ಚನಿಯಪ್ಪ.

ಮಸ್ಕತ್ತಿನಲ್ಲಿ ಏಜೆಂಟ್ ಹೇಳಿದ್ದೆಲ್ಲ ನಿಜವಾಗಿತ್ತು. ಉದ್ದನೆಯ ಕಟ್ಟಡ, ಸಾಲಾಗಿ ಬಾಗಿಲುಗಳು, ಬಾಗಿಲಿಗೊಬ್ಬರು. ಕ್ಲಾಸಿನಲ್ಲಿ ಮಕ್ಕಳು ಶಿಸ್ತಾಗಿ ಸುಮ್ಮನೆ ಕೂತು ಕೇಳುತ್ತಿದ್ದರು, ಪ್ರಶ್ನೆ ಇದ್ದರೆ ಕೈ ಎತ್ತುತ್ತಿದ್ದರು. ಮೆಟ್ಟಿಲಲ್ಲಿ ಎದುರಾದ ಟೀಚರುಗಳು ಗುಡ್ ಮಾರ್ನಿಂಗ್ ಎಂದು ದಾರಿ ಬಿಡುತ್ತಿದ್ದರು. ಅಂಗಡಿಯಲ್ಲಾಗಲಿ ಬೀದಿಯಲ್ಲಾಗಲಿ ಅವರನ್ನು "ಒಬ್ಬರೇಯಾ" ಎಂದು ಯಾರೂ ಕೇಳಲಿಲ್ಲ.

ಮೊದಲ ಶುಕ್ರವಾರ ಮಧ್ಯಾಹ್ನ ಊಟವಾಯಿತು. ಪಾತ್ರೆ ತೊಳೆದಾಯಿತು. ಕಿಟಕಿಯ ಹೊರಗೆ ಬಿಸಿಲಲ್ಲದೆ ಬೇರೇನೂ ಇರಲಿಲ್ಲ. ನಾಳೆಯ ಪಾಠವನ್ನಾದರೂ ಒಮ್ಮೆ ಹೇಳಿ ನೋಡುವ ಎಂದು ಟೀಚರು ಗೋಡೆಗೆ ಮುಖ ಮಾಡಿ ನಿಂತರು. ಅದೇ ಹೂಜಿಯ ಪಾಠ. ಮೊದಲ ವಾಕ್ಯ ಹೇಳಿದರು, ನಿಂತರು. ಆಚೆ ಕೋಣೆಯ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿತು. "ಟೀಚರೇ, ಒಬ್ಬರಿಗೇ ಅಂತ ಎಂತ ಅಡಿಗೆ" ಎಂದು ಅಂಗಳದಿಂದ ಯಾರಾದರೂ ಕೂಗಿದ್ದರೆ ಆ ಹೊತ್ತು ಅವರು ಓಡಿ ಹೋಗಿ ಅಪ್ಪಿಕೊಳ್ಳುತ್ತಿದ್ದರು. ಕೈಯ ನೂಲು ಮಾಸಿತ್ತು, ಇನ್ನೂ ಬಿಚ್ಚಿರಲಿಲ್ಲ. ಅದನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಕಾದರು. ಆಮೇಲೆ ಮೆಲ್ಲಗೆ, ಚನಿಯಪ್ಪನ ಸ್ವರದಲ್ಲಿ, ತಾವೇ "ಹೂಂ" ಎಂದರು. ಎಂದು ಎರಡನೆಯ ವಾಕ್ಯಕ್ಕೆ ಹೋದರು.