ನಮ್ಮ ಮನೆಯಲ್ಲಿ ಅಡಗಿದ್ದ ಎರಡು ವೋಟು

ಅವರು ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ನಾನು ಎರಡನೇ ಡಿಕಾಕ್ಷನ್ ಇಳಿಸುತ್ತಿದ್ದಾಗ. ಜೀಪು ಗೇಟಿಗೆ ತೀರ ಒತ್ತಿಕೊಂಡು ನಿಂತಿತು. ಮೊದಲು ಇಳಿದದ್ದು ನನ್ನ ಗಂಡನ ಅಕ್ಕನ ಯಜಮಾನರು, ನಾವೆಲ್ಲ ಮಾವ ಎನ್ನುವವರು. ಅವರ ಹಿಂದೆ ಒಬ್ಬ ಅಜ್ಜಿ, ಕಂಕುಳಲ್ಲಿ ರೆಕ್ಸಿನ್ ಚೀಲ. ಅಜ್ಜಿಯ ಹಿಂದೆ ಇನ್ನೂ ಹುಡುಗಿಯಂತೆಯೇ ಕಾಣುವ ಒಬ್ಬ ಹೆಂಗಸು, ತೋಳಲ್ಲಿ ಆರು ತಿಂಗಳ ಕೂಸು.

“ಎಂಟು ದಿನ ಇರ್ತಾರವ್ವ. ನಿನ್ನ ಅಡಿಗೆ ಚಲೋ ಇರ್ತೈತೆ ಅಂತ ಇಲ್ಲಿಗೇ ಕರ್ಕಂಬಂದೆ,” ಎಂದರು ಮಾವ. ಆಮೇಲೆ ದನಿ ತಗ್ಗಿಸಿ, “ಯಾರು ಕೇಳಿದ್ರೂ ನಿನ್ನ ತೌರಿನ ಕಡೆಯೋರು ಅನ್ನು.”

ದಾವಣಗೆರೆಯ ನಮ್ಮ ಬಡಾವಣೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಹಾಗೆ ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಚಿತ್ರದುರ್ಗದಲ್ಲಿರುವ ನನ್ನ ತವರಿನ ನೆಂಟರಿಷ್ಟರನ್ನೆಲ್ಲ ಪಕ್ಕದ ಮನೆಯಾಕೆ ನನಗಿಂತ ಚೆನ್ನಾಗಿ ಬಲ್ಲಳು. ಆದರೂ ತಲೆಯಾಡಿಸಿದೆ. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ತಿದ್ದಿ ಕಳಿಸಿದವಳು ನಾನು. ದೊಡ್ಡವರು ಏನೇ ಹೇಳಲಿ, ತಲೆಯಾಡಿಸಿದ ಮೇಲೇ ಯೋಚಿಸುವುದು.

ಅದು ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಬೆಂಗಳೂರಿನಲ್ಲಿ ಪಕ್ಷವೊಂದು ಸೀಳಿದರೆ ಅದರ ಸದ್ದು ನಮ್ಮ ಕಡೆಯ ಪಂಚಾಯ್ತಿ ಕಚೇರಿಗಳಲ್ಲಿ ಮಾರನೆಯ ದಿನವೇ ಕೇಳುತ್ತಿತ್ತು. ನಿನ್ನೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿಂದವರು ಇವತ್ತು ಎದುರುಬದುರು ಬ್ಯಾನರ್ ಕಟ್ಟುತ್ತಿದ್ದರು. ಅಂಥ ಒಂದು ಸೀಳಿನಲ್ಲೇ ನಮ್ಮ ಅಕ್ಕನ ಕುರ್ಚಿ ಸಿಕ್ಕಿಹಾಕಿಕೊಂಡಿತ್ತು. ಹರಿಹರದಲ್ಲಿ ಮನೆಯಿದ್ದ ಅಕ್ಕ ಒಂದು ತಾಲ್ಲೂಕು ಪಂಚಾಯ್ತಿಯ ಅಧ್ಯಕ್ಷೆ. ಯಾವ ತಾಲ್ಲೂಕೆಂದು ಹೇಳುವುದಿಲ್ಲ. ಅವರೆಲ್ಲ ಈಗಲೂ ಮದುವೆ-ಮುಂಜಿಯಲ್ಲಿ ಸಿಗುತ್ತಾರೆ. ಟಿಕೆಟ್ ಮಾವನಿಗೆ ಬರಬೇಕಾಗಿತ್ತು. ಮೀಸಲಾತಿ ಹೆಂಗಸರಿಗೆ ಬಂದದ್ದರಿಂದ ಪೋಸ್ಟರಿನಲ್ಲಿ ಅಕ್ಕನ ಫೋಟೋ ಬಂತು. ಪಕ್ಕದಲ್ಲಿ ಕೈಮುಗಿದ ಮಾವನ ಫೋಟೋ, ಒಂದು ಸುತ್ತು ದೊಡ್ಡದು. ಗೆದ್ದ ಮೇಲೂ ಅಳತೆ ಹಾಗೇ ಉಳಿಯಿತು. ಸಭೆಯಲ್ಲಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಮಾವ. ಮಾತೆಲ್ಲ ಅವರದು, ಸಹಿ ಅಕ್ಕನದು.

ಈಗ ಅಕ್ಕನ ಮೇಲೆ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಅದನ್ನು ಗೆಲ್ಲಲು ಆ ಕಡೆಯವರಿಗೆ ಒಂದೇ ಒಂದು ಕೈ ಕಡಿಮೆ. ನಮ್ಮ ಕಡೆಯ ಸದಸ್ಯರು ಸಭೆಯ ದಿನ ಅತ್ತ ತಲೆ ಹಾಕದಿದ್ದರೆ ಸಾಕು, ಕುರ್ಚಿ ಉಳಿಯುತ್ತದೆ. ಗಂಡಸು ಸದಸ್ಯರನ್ನು ಮೆಟಡಾರಿನಲ್ಲಿ ತುಂಬಿ ಸಮುದ್ರ ತೋರಿಸಲು ಕಳಿಸಿದ್ದರು. ಹೆಂಗಸರಿಬ್ಬರನ್ನು ಮೊದಲು ಉಕ್ಕಡಗಾತ್ರಿಗೆ ಕರೆದೊಯ್ದು, ಅಜ್ಜಯ್ಯನ ಗದ್ದಿಗೆಯ ಮುಂದೆ ತೆಂಗಿನಕಾಯಿ ಹಿಡಿಸಿ, ಅಧ್ಯಕ್ಷರ ಕೈ ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಿ, ನೇರ ನಮ್ಮ ಮನೆಗೆ ತಂದು ಬಿಟ್ಟಿದ್ದರು. ನಮ್ಮ ಭಾಗದಲ್ಲಿ ಆ ಗದ್ದಿಗೆಯ ಮುಂದೆ ಆಡಿದ ಮಾತಿಗೆ ಯಾರೂ ತಪ್ಪುವುದಿಲ್ಲ. ಹಾಗಾಗಿ ಮಾವ ನಿಶ್ಚಿಂತೆಯಿಂದಿದ್ದರು.

ಮೊದಲ ದಿನವೇ ಅಜ್ಜಿ ನಮ್ಮ ಅಡುಗೆಮನೆಯನ್ನು ತಪಾಸಣೆ ಮಾಡಿದರು. ಮಿಕ್ಸಿಯನ್ನು ದೂರದಿಂದಲೇ ನೋಡಿ, “ಇದು ಹಿಂಗೆ ಒದರಿದ್ರೆ ಚಟ್ನಿಗೆ ಜೀವ ಎಲ್ಲಿ ಉಳೀತೈತೆ?” ಎಂದು, ಹಿತ್ತಲಲ್ಲಿ ತುಳಸಿಕಟ್ಟೆಗೆ ಒರಗಿಸಿಟ್ಟಿದ್ದ ಒರಳನ್ನು ತೊಳೆಸಿದರು. ಕೂಸಿನ ತಾಯಿಗೆ ಟಿ.ವಿ. ಎಂದರೆ ಪ್ರಾಣ. ಧಾರಾವಾಹಿಯಲ್ಲಿ ಅತ್ತೆ ಬಾಯಿ ಮಾಡಿದಾಗಲೆಲ್ಲ ಅವಳು ಕೂಸಿನ ಕಿವಿ ಮುಚ್ಚುತ್ತಿದ್ದಳು. ಇಬ್ಬರೂ ಫೋನ್ ಎತ್ತಬಾರದು, ಗೇಟಿನ ಹತ್ತಿರ ನಿಲ್ಲಬಾರದು ಎಂದು ಮಾವನ ಕಟ್ಟಪ್ಪಣೆ. ಎರಡನೆಯ ದಿನ ಸಂಜೆ ನೋಡುತ್ತೇನೆ, ಅಜ್ಜಿ ಗೇಟಿಗೆ ಒರಗಿ ಪಕ್ಕದ ಮನೆಯಾಕೆಯೊಂದಿಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ!

“ಯಾರ್ರೀ ಇವರು? ನಿಮ್ಮ ತೌರಿನ ಕಡೆಯೋರಾ?” ಎಂದಳು ಆಕೆ, ಕಣ್ಣು ಕಿರಿದು ಮಾಡಿ.

ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ, “ಹ್ಞೂನವ್ವ. ಇಕಿ ಹುಟ್ಟಿದಾಗ ಮೊದಲು ನೀರು ಹಾಕಿದಾಕಿ ನಾನೇ,” ಎಂದರು. ಒಳಗೆ ಬಂದ ಮೇಲೆ ನನ್ನ ಗಲ್ಲ ಚಿವುಟಿ, “ನಿನಗೆ ಸುಳ್ಳು ಹೇಳಾಕ ಬರಂಗಿಲ್ಲ ಬಿಡು. ಸಾಲಿಯಾಗ ಕಲಿಸಿಲ್ಲೇನು?”

ಮಾವ ದಿನಾ ನಾಲ್ಕು ಗಂಟೆಯ ಚಹಾಕ್ಕೆ ಬರುತ್ತಿದ್ದರು. “ಅಧ್ಯಕ್ಷರು ನಿಮ್ಮನ್ನ ಕೇಳ್ಯಾರೆ,” “ಅಧ್ಯಕ್ಷರು ಹಣ್ಣು ಕಳಿಸ್ಯಾರೆ” ಎನ್ನುತ್ತಿದ್ದರು. ಅಕ್ಕ ಮಾತ್ರ ಒಂದು ದಿನವೂ ಬರಲಿಲ್ಲ. ಹಣ್ಣು ಕಳಿಸಿದವರು ಯಾರೆಂದು ನನಗೆ ಗೊತ್ತಿತ್ತು. ಅಕ್ಕ ಕಳಿಸಿದ್ದರೆ ಬಾಳೆಹಣ್ಣಿನ ಜೊತೆ ಕೂಸಿಗೊಂದು ಕುಲಾವಿ ಇರುತ್ತಿತ್ತು.

ಅಜ್ಜಿಗೆ ತನ್ನೂರಿನ ಒಂದೇ ಒಂದು ಕೆಲಸದ ಚಿಂತೆ. ಅವರ ಕೇರಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ಐದನೆಯ ತರಗತಿ ದಾಟಿದವರು ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿಯುತ್ತಿದ್ದರು. “ಪ್ರತಿ ಮೀಟಿಂಗಿಗೂ ಸೆರಗಿಗೆ ಗಂಟು ಹಾಕ್ಕಂಡು ಹೋಗ್ತೀನಿ, ಇವತ್ತು ಕೇಳೇ ಬಿಡ್ತೀನಿ ಅಂತ. ನಾ ಎದ್ದು ನಿಲ್ಲೋದ್ರಾಗ ನಿಮ್ಮ ಮಾವ ‘ನೋಡಾಣ ಕೂಡ್ರಬೇ’ ಅಂತಾರೆ. ನಾ ಕೂಡ್ರತೀನಿ.”

ಸಭೆಗೆ ಒಂದು ದಿನ ಉಳಿದಿದ್ದಾಗ ಮಾವ ಮಧ್ಯಾಹ್ನವೇ ಬಂದರು. ಒಂದು ಕೈಯಲ್ಲಿ ಪೇಡೆ ಡಬ್ಬಿ, ಇನ್ನೊಂದರಲ್ಲಿ ಸುರುಳಿ ಸುತ್ತಿದ್ದ ಫ್ಯಾಕ್ಸ್ ಕಾಗದ. ಸಭೆಯ ನೋಟೀಸು ನಿಯಮದಂತೆ ಕೊಟ್ಟಿಲ್ಲವೆಂದು ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಿದ್ದರು. ಆರ್ಡರ್ ಆಯಿತೆಂದು ವಕೀಲರು ಫೋನಿನಲ್ಲಿ ಹೇಳಿದ ಕೂಡಲೇ ಮಾವ ಮೊದಲು ಪೇಡೆ ಕೊಂಡಿದ್ದಾರೆ, ಆಮೇಲೆ ಎಸ್.ಟಿ.ಡಿ. ಬೂತಿಗೆ ಹೋಗಿ ಫ್ಯಾಕ್ಸ್ ತಂದಿದ್ದಾರೆ.

“ಸ್ಟೇ ಬಂತು! ನಾಳೆ ಮೀಟಿಂಗೇ ಇಲ್ಲ!” ಎಂದು ಎಲ್ಲರ ಕೈಗೂ ಪೇಡೆ ಕೊಟ್ಟರು. “ತಗಾ, ಕಾನ್ವೆಂಟಿನಾಕಿ ನೀನು. ಗಟ್ಟಿಯಾಗಿ ಓದು, ಎಲ್ರೂ ಕೇಳ್ಲಿ.”

ಫ್ಯಾಕ್ಸ್ ಕಾಗದ ನುಣುಪಾಗಿ, ಬೆಚ್ಚಗೆ, ಬಿಟ್ಟರೆ ಮತ್ತೆ ಸುರುಳಿಯಾಗುವಂತಿತ್ತು. ಮನಸ್ಸಿನಲ್ಲೇ ಓದಿದೆ. ಇನ್ನೊಮ್ಮೆ ಓದಿದೆ. ಸಭೆ ನಿಲ್ಲಿಸಿ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಸಭೆ ನಡೆಯಲಿ, ಮತ ಎಣಿಸಲಿ. ಫಲಿತಾಂಶವನ್ನು ಮಾತ್ರ ಲಕೋಟೆಯಲ್ಲಿಟ್ಟು ಮೊಹರು ಮಾಡಿ, ನಾವು ಹೇಳುವ ತನಕ ಜಾರಿ ಮಾಡಬೇಡಿ ಎಂದಿತ್ತು.

ಮಾವನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದೆ. ಅವರ ಬಾಯಲ್ಲಿದ್ದ ಪೇಡೆ ಅಲ್ಲೇ ನಿಂತಿತು.

“ಮೀಟಿಂಗ್ ಐತೇನು ಹಂಗಾದ್ರೆ?”

“ಇದೆ ಮಾವ.”

“ಅವರಿಗೆ ಹೇಳಬ್ಯಾಡ. ಸ್ಟೇ ಬಂದೈತೆ ಅಂತನೇ ಇರ್ಲಿ. ಆ ಮುದುಕಿ ಏನು ಮಾಡ್ತಾಳೋ ಹೇಳಾಕ ಬರಂಗಿಲ್ಲ. ನಾಳೆ ಸಂಜಿ ತನಕ ಹೆಂಗಾರ ಮಾಡಿ ಇಟ್ಕಳವ್ವ, ನಿನ್ನ ಕೈಯಾಗೈತೆ ನಿಮ್ಮಕ್ಕನ ಮರ್ಯಾದೆ.” ಹೊರಗೆ ಬಂದು ನಗುನಗುತ್ತಲೇ ಡಬ್ಬಿಯ ಮುಚ್ಚಳ ಹಾಕಿಕೊಂಡು ಜೀಪು ಹತ್ತಿದರು.

ನಾನು ಅಕ್ಕಿ ಆರಿಸಲು ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಅಜ್ಜಿ ಎದುರಿಗೆ ಬಂದು ಕೂತರು.

“ಏನೈತವ್ವ ಆ ಕಾಗದದಾಗ?”

“ಸ್ಟೇ… ಅಜ್ಜಿ.”

“ಸಂತೋಷ ಇದ್ದೋರು ಪೇಡೆ ಡಬ್ಬಿ ಮುಚ್ಚಿಕೊಂಡು ಹೋಗ್ತಾರೇನು? ಅರ್ಧ ಡಬ್ಬಿ ಉಳಿದಿತ್ತಲ್ಲ.” ನನ್ನ ಮೊರವನ್ನು ತಮ್ಮ ಕಡೆ ಎಳೆದುಕೊಂಡರು. “ನನಗೆ ಓದಾಕ ಬರಂಗಿಲ್ಲ. ಅದಕ್ಕೇ ಓದೋರ ಮುಖ ನೋಡ್ತೀನಿ. ನೀನು ಎಲ್ಡು ಸಲ ಓದಿದಿ.”

ಇದ್ದದ್ದನ್ನು ಹೇಳಿಬಿಟ್ಟೆ. “ಹಂಗಾದ್ರೆ ನಾಳೆ ನಾ ಮೀಟಿಂಗಿಗೆ ಹೋಗ್ತೀನಿ,” ಎಂದರು ಅಜ್ಜಿ. ನನಗೆ ಭಯವಾಯಿತು. ಊರ ಹೊರಗಿನ ಕರೂರಿನ ವರ್ಕ್‌ಶಾಪಿನಲ್ಲಿದ್ದ ನನ್ನ ಗಂಡನಿಗೆ ಫೋನ್ ಮಾಡಿದೆ. “ಹೇಳೇಬಿಟ್ಟೆಯಾ?” ಎಂದು ಕೇಳಿ, “ಹಂಗಾದ್ರೆ ಅಕ್ಕಗೂ ಹೇಳು. ಮಾವಗಲ್ಲ, ಅಕ್ಕಗೆ,” ಎಂದರು.

ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳು ಬಂದದ್ದು ಜೀಪಿನಲ್ಲಲ್ಲ. ಹರಿಹರದಿಂದ ಬಸ್ಸು ಹಿಡಿದು, ಸ್ಟ್ಯಾಂಡಿನಿಂದ ಆಟೋದಲ್ಲಿ, ಮನೆಯ ಚಪ್ಪಲಿಯಲ್ಲೇ. ಬಂದವಳು ಕೂಸನ್ನು ಎತ್ತಿಕೊಂಡು, ಆಮೇಲೆ ಅಜ್ಜಿಯ ಎದುರು ನೆಲದ ಮೇಲೆ ಕೂತಳು.

“ನಾಳೆ ಹೋಗ್ತೀಯಂತೆ, ಹೌದಾ?”

“ಹೋಗ್ತೀನವ್ವ.”

“ಅಜ್ಜಯ್ಯನ ಮುಂದೆ ಪ್ರಮಾಣ ಮಾಡಿದ್ದು?”

ಅಜ್ಜಿ ಮೊರ ಕೆಳಗಿಟ್ಟರು. “ನಾ ಎಲ್ಲಿ ಮಾಡೀನಿ? ಕಾಯಿ ಹಿಡಿದಿದ್ದೆ, ಅಷ್ಟೆ. ‘ಇವರು ಅಧ್ಯಕ್ಷರ ಕೈ ಬಿಡಂಗಿಲ್ಲ ಅಜ್ಜಯ್ಯ’ ಅಂತ ಹೇಳಿದೋರು ನಿನ್ನ ಗಂಡ. ಮೀಟಿಂಗಿನಾಗೆ ಮಾತಾಡಿದಂಗೇ ಅಲ್ಲೂ ನಮ್ಮ ಪರವಾಗಿ ಅವರೇ ಮಾತಾಡಿದ್ರು. ಆಡಿದೋರ ಆಣಿ ಆಡಿದೋರಿಗೆ. ಬೇಕಾದ್ರೆ ಇಕಿನ್ನ ಕೇಳು.”

ಕೂಸಿನ ತಾಯಿ ಟಿ.ವಿ. ದನಿ ತಗ್ಗಿಸಿ, “ಹೌದ್ರಿ ಅಕ್ಕಾರೆ. ನಮಗೆ ಬಾಯಿ ಬಿಡಾಕ ಟೈಮೇ ಕೊಡ್ಲಿಲ್ಲ,” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ. ಅಕ್ಕ ನಗಲಿಲ್ಲ.

“ನನ್ನಿಂದ ಏನು ತಪ್ಪಾಗೈತೆ ಹೇಳಜ್ಜಿ.”

“ತಪ್ಪು ಮಾಡಾಕ ನೀನು ಆ ಕುರ್ಚಿಯಾಗ ಎಲ್ಲಿದ್ದಿ ನಮ್ಮವ್ವ?”

ಅಕ್ಕ ಕೂಸಿನ ಮುಷ್ಟಿ ಬಿಡಿಸುತ್ತ, ಮುಚ್ಚುತ್ತ ಕೂತಿದ್ದಳು. ಅಜ್ಜಿಯನ್ನು ಬಿಡಬೇಡ ಎಂದು ಅವಳು ಹೇಳಿದ್ದರೆ ನಾನು ಗೇಟಿಗೆ ಬೀಗ ಹಾಕಿಬಿಡುತ್ತಿದ್ದೆನೋ ಏನೋ. ಕುರ್ಚಿ ಅವಳದು, ಅವಳು ನನ್ನ ಮನೆಯವಳು.

“ನಾಳೆ ಒಂಬತ್ತರ ಬಸ್ಸಿಗೆ ನಾನೂ ಬರ್ತೀನಿ,” ಎಂದಳು ಕೊನೆಗೆ. “ಕೈ ಎತ್ತೋದಾದ್ರೆ ನನ್ನ ಎದುರಿಗೇ ಎತ್ತು.”

ಮರುದಿನ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟರು. ಚಟ್ನಿ ಒರಳಿನದೇ. ಹನ್ನೊಂದು ಗಂಟೆಗೆ ಮಾವ ಬಂದು ನಡುಮನೆ, ಕೋಣೆ, ಹಿತ್ತಲು ಎಲ್ಲ ಹುಡುಕಿ, “ಎಲ್ಲದಾರೆ?” ಎಂದರು. ಅಕ್ಕನ ಜೊತೆ ಹೋದರು ಎಂದೆ. “ಯಾವ ಅಕ್ಕ?” ಎಂದು ಕೇಳಿದ ಅವರ ಮುಖ ನನಗಿನ್ನೂ ನೆನಪಿದೆ.

ಸಭೆಯಲ್ಲಿ ನಡೆದದ್ದನ್ನು ಕೂಸಿನ ತಾಯಿ ಆಮೇಲೆ ಅಭಿನಯಿಸಿಯೇ ತೋರಿಸಿದಳು. ಸಭೆ ನಡೆಸಲು ಬಂದಿದ್ದ ಅಧಿಕಾರಿ ಗೊತ್ತುವಳಿ ಓದಿದ್ದೇ ತಡ, ಅಜ್ಜಿ ಎದ್ದು ಶೌಚಾಲಯದ ವಿಷಯ ಶುರುಮಾಡಿದರಂತೆ. “ಇಲ್ಲಿ ಚರ್ಚೆಗೆ ಅವಕಾಶ ಇಲ್ಲಮ್ಮ” ಎಂದರಂತೆ ಅಧಿಕಾರಿ. “ಇಷ್ಟು ದಿನ ಇದ್ದಿಲ್ಲ, ಇವತ್ತೂ ಇಲ್ಲೇನ್ರಿ?” ಎಂದು ಅಜ್ಜಿ ಕೇಳಿದ್ದಕ್ಕೆ ಎರಡೂ ಕಡೆಯವರು ನಕ್ಕರಂತೆ. ಆಮೇಲೆ ಅಜ್ಜಿ ಅಕ್ಕನ ಮುಖವನ್ನೇ ನೋಡುತ್ತ ಕೈ ಎತ್ತಿದರು. ಕೂಸಿನ ತಾಯಿ ಎತ್ತಲಿಲ್ಲ. ಎರಡೂ ಕೈಯಲ್ಲಿ ಕೂಸಿತ್ತು ಎಂಬುದು ಅವಳ ವಿವರಣೆ. ಅಲ್ಲಿಗೆ ಆ ಕಡೆಯವರಿಗೆ ಬೇಕಾಗಿದ್ದ ಒಂದು ಕೈ ಸಿಕ್ಕಿತು. ಸಭೆಯಲ್ಲಿದ್ದವರೆಲ್ಲ ಕಣ್ಣಾರೆ ಕಂಡ ಆ ಲೆಕ್ಕವನ್ನು ಕೋರ್ಟಿನ ಆಜ್ಞೆಯಂತೆ ಲಕೋಟೆಗೆ ಹಾಕಿ, ಅರಗು ಮೆತ್ತಿ, ಗುಟ್ಟೆಂದು ಬೀರುವಿನಲ್ಲಿಟ್ಟರು.

ಹೀಗೆ ಸೋತ ಅಕ್ಕ, ಸೋತದ್ದು ಊರಿಗೆಲ್ಲ ಗೊತ್ತಿದ್ದರೂ, ಕಾಗದದ ಮೇಲೆ ಅಧ್ಯಕ್ಷೆಯಾಗಿಯೇ ಉಳಿದಳು. ಬೆಂಗಳೂರಿನಲ್ಲಿ ವಾಯಿದೆಯ ಮೇಲೆ ವಾಯಿದೆ. ಮರುವಾರ ಅವಳು ಕಚೇರಿಗೆ ಒಬ್ಬಳೇ ಹೋದಳು. ಮಾವ ಜೀಪಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, “ಕೀಲಿ ಡ್ರೈವರಿಗೆ ಕೊಡ್ರಿ. ಲಕೋಟಿ ಒಡೆಯೋ ತನಕ ನಾ ಒಬ್ಬಾಕಿನೇ ಕೂಡ್ರತೀನಿ,” ಎಂದಳಂತೆ. ಮಾವ ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟರು. ಮೂರನೆಯ ತಿಂಗಳು ನಾಲ್ಕು ಗಂಟೆಗೆ ಬಂದು, ಏನೂ ಆಗಿಲ್ಲವೆಂಬಂತೆ ಚಹಾ ಕೇಳಿದರು.

ಲಕೋಟೆ ಒಡೆಯುವ ಮೊದಲೇ ಅಕ್ಕನ ಅವಧಿ ಮುಗಿಯಿತು. ಅಷ್ಟರಲ್ಲಿ ಅಜ್ಜಿಯ ಕೇರಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೊಂದು ಎದ್ದು, ಬಾಗಿಲಿಗೆ ಹಸಿರು ಬಣ್ಣವೂ ಬಿದ್ದಿತ್ತು. ಅವಧಿ ಮುಗಿದ ವಾರ ಅಕ್ಕ ಅಜ್ಜಿಯನ್ನು ಕರೆದುಕೊಂಡು ಊಟಕ್ಕೆ ಬಂದಳು.

“ಅಲ್ಲಜ್ಜಿ, ಈಗ ಗೊತ್ತುವಳಿ ಬಂದಿದ್ರೆ ಕೈ ಎತ್ತುತಿದ್ದಿಯೇನು?” ಎಂದಳು, ತಟ್ಟೆಗೆ ತುಪ್ಪ ಬಡಿಸುತ್ತ.

“ಅವತ್ತು ಎತ್ತಲಿಲ್ಲಂದ್ರೆ ನೀನು ಒಬ್ಬಾಕಿನೇ ಕಚೇರಿಗೆ ಬರ್ತಿದ್ದಿಲ್ಲ. ಸುಮ್ನೆ ಬಡಸು.”

ಊಟದ ನಂತರ ಅಜ್ಜಿ ಕೋರ್ಟಿನ ಆ ಕಾಗದ ನೋಡಬೇಕೆಂದರು. ಅವತ್ತು ಮಾವ ನನ್ನ ಕೈಯಲ್ಲೇ ಬಿಟ್ಟುಹೋಗಿದ್ದ ಅದನ್ನು ಬೀರುವಿನಲ್ಲಿ, ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದೆ. ಬಿಚ್ಚಿದರೆ ಅಕ್ಷರಗಳೆಲ್ಲ ಮಾಸಿಹೋಗಿ, ಮೂಲೆಯಲ್ಲಿ ಒಂದು ಬೂದು ಗೆರೆ ಮಾತ್ರ ಉಳಿದಿತ್ತು. ಫ್ಯಾಕ್ಸ್ ಕಾಗದದ ಹಣೆಬರಹವೇ ಅಷ್ಟೆಂದು ನನಗೆ ಗೊತ್ತಿರಲಿಲ್ಲ.

ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ನನ್ನ ಕೈಗೆ ವಾಪಸ್ ಕೊಟ್ಟರು.

“ಅವತ್ತೇ ಓದಿ ಹೇಳಿದ್ದು ಚಲೋ ಆತು ನೋಡು. ಇವತ್ತಾದ್ರೆ ನೀನೂ ನಾನೂ ಒಂದೇ.”