ಟೈಲರನ ಹೆಂಡತಿ ಕಟ್ಟಿದ ದಾರ

ಟೈಲರನ ಹೆಂಡತಿಗೆ ಜೇನುಹುಳ ಕಂಡರೆ ಆಗುತ್ತಿರಲಿಲ್ಲ. ಪಕ್ಕದ ಮನೆಯ ಔಷಧಿ ಅಂಗಡಿಯವನು ಬಾಲ್ಕನಿಯಲ್ಲಿ ಗೋಲಿಯಂಥ ಟೊಮೆಟೊ ಹಾಕಿದ ಮೇಲಂತೂ ಅವಕ್ಕೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುವುದೇ ಕೆಲಸ. "ಬ್ರೋಕರ್ ಮುಂಡೇವು!" ಎಂದು ಟವೆಲ್ ಬೀಸುತ್ತಿದ್ದಳು.

ಅವಳ ತಾರಸಿಯಲ್ಲಿದ್ದದ್ದು ತಾಯಿಯ ಟೊಮೆಟೊ. ಮೈಯೆಲ್ಲ ಏಣೇಣು, ಬಾಯಿಗಿಟ್ಟರೆ ಕಣ್ಣು ಮುಚ್ಚಿಸುವ ಹುಳಿ. ಟೈಲರನ ಜೊತೆ ಓಡಿಬಂದ ಏಳು ವರ್ಷದ ಮೇಲೆ ತಾಯಿ ಕಳಿಸಿದ್ದು ಅದೊಂದೇ, ಕಾಗದದಲ್ಲಿ ಮಡಿಸಿದ ಚಿಟಿಕೆ ಬೀಜ. ಜೊತೆಗೆ ಒಂದಕ್ಷರವಿರಲಿಲ್ಲ. ಈಗ ತಾಯಿಯೂ ಇಲ್ಲ. ಕೂಡಿಟ್ಟ ಬೀಜಕ್ಕೆ ಬೂಸ್ಟು ಹಿಡಿದು, ಉಳಿದದ್ದು ಎರಡೇ ಗಿಡ. ಜೇನುಹುಳ ಪಕ್ಕದ ಮನೆಯ ಪರಾಗ ತಂದು ಅದೂ ಬೆರಕೆಯಾದರೆ ಆ ತಳಿಯ ಕತೆ ಮುಗಿದಂತೆ.

ಹಾಗಾಗಿ ಮೊಗ್ಗು ಬಿರಿಯುವ ಮೊದಲೇ ಕೆಲವು ಗೊಂಚಲಿಗೆ ಹಳೇ ಪರದೆಯ ಚೀಲ ತೊಡಿಸಿದಳು.

"ನೀನೇ ಅಪ್ಪನ ಮಾತು ಕೇಳದೆ ಓಡಿಬಂದೋಳು. ಗಿಡಕ್ಕೆ ಇಷ್ಟು ಕಾವಲಾ?" ಎಂದ ಟೈಲರ್.

"ನನಗೂ ಯಾರಾದ್ರೂ ಚೀಲ ಕಟ್ಟಿದ್ರೆ ಚೆನ್ನಾಗಿರ್ತಿತ್ತು."

ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿದಳು. ದಾರವಿದ್ದ ನಾಲ್ಕು ಹಣ್ಣು ಬೀಜಕ್ಕೆ, ಉಳಿದ ಒಂಬತ್ತು ಅಡುಗೆಗೆ.

ಟೈಲರನದು ನಲವತ್ತು ವರ್ಷದ ಕಸುಬು. ಎಲ್ಲಿ ದಾರ ಜೋತಾಡಿದರೂ ಕೈ ಸುಮ್ಮನಿರದು. ಬಸ್ಸಿನಲ್ಲಿ ಗುರುತಿಲ್ಲದವರ ಅಂಗಿಯ ದಾರ ಕತ್ತರಿಸಿ ಬೈಸಿಕೊಂಡ ಆಸಾಮಿ. ಒಂದು ಬೆಳಿಗ್ಗೆ ನೀರು ಹಾಕಲು ಹೋದವನು ನಾಲ್ಕೂ ದಾರ ಕತ್ತರಿಸಿ ಇಳಿದುಬಂದ. "ಗಿಡ ನೀಟ್ ಮಾಡಿದೀನಿ ನೋಡು."

ನೋಡಿದಳು. ಹದಿಮೂರು ಹಣ್ಣೂ ಒಂದೇ ಥರ. ಬೆರಕೆ ಗೊತ್ತಾಗುವುದು ಈ ಹಣ್ಣಿನಲ್ಲಲ್ಲ, ಇದರ ಬೀಜದಿಂದ ಹುಟ್ಟುವ ಗಿಡದಲ್ಲಿ. ದಾರ ಯಾಕೆ ಕಟ್ಟಿತ್ತೆಂದು ಟೈಲರನಿಗೆ ಆಗ ತಿಳಿಯಿತು. ಅವಳ ಬಾಯಿ ಇಡೀ ಬೀದಿಗೆ ಕೇಳಿಸಿತು.

ಆಮೇಲೆ ಹದಿಮೂರನ್ನೂ ಬೇರೆ ಬೇರೆ ಹಿಂಡಿದಳು. ಮನೆಯ ಲೋಟಗಳಲ್ಲೆಲ್ಲ ಬೀಜದ ಲೋಳೆ ಹುಳಿಯುತ್ತ ಕೂತಿತು. ಟೈಲರ್ ಮೂರು ದಿನ ಸೌಟಿನಲ್ಲಿ ಚಹಾ ಕುಡಿದ. ತೊಳೆದು ಒಣಗಿಸಿದ ಬೀಜಕ್ಕೆ ಹದಿಮೂರು ಪುಟ್ಟ ಚೀಲ ಹೊಲಿದು, ಒಂದೊಂದಕ್ಕೂ ನಂಬರು ಕಸೂತಿ ಹಾಕಿಕೊಟ್ಟ.

ಮುಂದಿನ ಬೆಳೆಯಲ್ಲಿ ಚೀಲಕ್ಕೊಂದರಂತೆ ಬೆಳೆಸಿದ ಹದಿಮೂರರಲ್ಲಿ ಎರಡು ಗಿಡ ಉರುಟಾದ ಪುಟ್ಟ ಹಣ್ಣು ಬಿಟ್ಟವು. ಹನ್ನೊಂದರಲ್ಲಿ ಏಣು ಮೂಡಿತು. ಮೊದಲ ಹಣ್ಣು ಕಚ್ಚಿದವಳೇ ತಾರಸಿಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ಅಮ್ಮ ಅಷ್ಟು ನೆನಪಾದಳು.

ಟೈಲರ್ ಅವಳ ಕೈಯಿಂದ ಚೂರು ತಿಂದು ಮುಖ ಕಿವುಚಿದ. "ಒಂದು ಮಾತು ಹೇಳ್ಲಾ? ಇಷ್ಟು ವರ್ಷದಲ್ಲಿ ಇದು ನನಗೆ ಒಂದಿನಾನೂ ರುಚಿಸಿಲ್ಲ ಕಣೇ."

"ಗೊತ್ತು," ಎಂದು ಮೂಗು ಒರೆಸಿಕೊಂಡಳು. "ಅಳಿಯನಿಗೆ ರುಚಿಸ್ಲಿ ಅಂತ ಅಮ್ಮ ಕಳಿಸಿದ್ದಲ್ಲ ರೀ."